ಸದಸ್ಯರ ಹೆಸರು ಹೇಳಿ

ಮನಿಷಾ ನಮ್ಮ ಡೇರಿ ಕಂಪನಿಯ ಮೇಲ್ವಿಚಾರಕಿ. ಬೆಳಿಗ್ಗೆ ರಾಯಬಾಗದಲ್ಲಿ ಸ್ಕೂಟಿ ಹತ್ತಿದರೆ ಹಳ್ಳಿ ಹಳ್ಳಿಯ ಹಾಲಿನ ಕೇಂದ್ರಗಳನ್ನು ಸುತ್ತಿ, ಸಂಜೆಗೆ ಮೈತುಂಬ ಧೂಳು ಹೊತ್ತು ಬರುತ್ತಾಳೆ. ನಾನು ಅದೇ ಆಫೀಸಿನಲ್ಲಿ ದನದ ಔಷಧಿಯ ಸ್ಟೋರ್ ನೋಡಿಕೊಳ್ಳುವವನು. ಕಂಪನಿ ಬಹಳ ದೊಡ್ಡದು. ಅದರ ತಲೆಗೆ ನೋವಾದರೆ ಕಾಲಿಗೆ ಗೊತ್ತಾಗುತ್ತದೆ, ಕಾಲಿಗೆ ಮುಳ್ಳು ಚುಚ್ಚಿದರೆ ತಲೆಗೆ ಗೊತ್ತಾಗುವುದಿಲ್ಲ.

ಮೊದಲು ದನದ ಡಾಕ್ಟರ ನಂಬರನ್ನು ಕೇಂದ್ರದ ಗೋಡೆಯ ಮೇಲೆ ಬರೆಸಿದ್ದೆವು. ಎಮ್ಮೆಗೆ ಏನಾದರೂ ಆದರೆ ಹೆಂಗಸರು ನೇರ ಅವರಿಗೇ ಫೋನು ಹಚ್ಚುತ್ತಿದ್ದರು. ಹೋದ ವರ್ಷ ಹೆಡ್ ಆಫೀಸಿನವರು ಅದನ್ನು ಅಳಿಸಿ ಒಂದು ಹೊಸ ನಂಬರ್ ಕೊಟ್ಟರು. ಅದಕ್ಕೆ ಫೋನು ಮಾಡಿದರೆ ಮಷಿನು "ಸದಸ್ಯರ ಹೆಸರು ಹೇಳಿ" ಅನ್ನುತ್ತದೆ. ಹೇಳಿದರೆ ಡಾಕ್ಟರು ಹೊರಡುತ್ತಾರೆ. ಬಳಸುವವರ ಅನುಕೂಲ ನೋಡಲಿಕ್ಕೆಂದೇ ಹೆಡ್ ಆಫೀಸಿನಲ್ಲಿ ಒಂದು ವಿಭಾಗ ಇದೆಯಂತೆ. ಆ ವಿಭಾಗದವರಲ್ಲಿ ಒಬ್ಬರಾದರೂ ಎಮ್ಮೆ ಕಟ್ಟಿದ ಮನೆಯಲ್ಲಿ ಒಂದು ಹೊತ್ತು ಉಂಡಿದ್ದರೆ ಇಂಥ ಪ್ರಶ್ನೆ ಇಡುತ್ತಿರಲಿಲ್ಲ. ಎಮ್ಮೆ ಸಾಕುವವಳು ಹೆಂಡತಿ, ಕಂಪನಿಯ ಸದಸ್ಯ ಗಂಡ. ನಮ್ಮ ಕಡೆ ಹಿರಿಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ನಗುವವರು ನಗಲಿ. ನನ್ನ ಹೆಂಡತಿಯೂ ಹೇಳುವುದಿಲ್ಲ, ನಾನು ಗಟ್ಟಿಮುಟ್ಟಾಗಿಯೇ ಇದ್ದೇನೆ.

ಶೇಡಬಾಳದ ಜನಾಬಾಯಿಯ ಎಮ್ಮೆ ಈಯುವಾಗ ಕರು ಅಡ್ಡವಾಯಿತು. ಗಂಡ ಮಿರಜಿಗೆ ಹೋಗಿದ್ದ. ಅವಳು ಫೋನು ಹಚ್ಚಿದಳು, ಮಷಿನು ಹೆಸರು ಕೇಳಿತು, ಅವಳು ಸುಮ್ಮನಾದಳು. "ನಿಮ್ಮ ಧ್ವನಿ ಕೇಳಿಸುತ್ತಿಲ್ಲ, ಧನ್ಯವಾದಗಳು" ಎಂದು ಕಟ್ಟಾಯಿತು. ಮತ್ತೆ ಹಚ್ಚಿದಳು, ಮತ್ತೆ ಕಟ್ಟಾಯಿತು. ಹೊಲಕ್ಕೆ ಓಡಿ ಯಾರನ್ನೋ ಕರೆತರುವಷ್ಟರಲ್ಲಿ ಎಮ್ಮೆಯೂ ಇಲ್ಲ, ಕರುವೂ ಇಲ್ಲ. ಮರುದಿನ ಮನಿಷಾ ಆ ಕೊಟ್ಟಿಗೆ ನೋಡಿ ಬಂದು ಊಟದ ಡಬ್ಬಿ ಬಿಚ್ಚಲಿಲ್ಲ.

"ಕಾಕಾ, ಹೆಸರ ಹೇಳಿದ್ರ ಗಂಡ ಸಾಯ್ತಾನ, ಹೇಳಲಿಲ್ಲಂದ್ರ ಎಮ್ಮಿ ಸಾಯ್ತೈತಿ. ಆಕೀಗಿ ಇಂಥಾ ಪ್ರಶ್ನಿ ಕೇಳಾಕ ನಾವ್ಯಾರ್ರಿ?" ಎಂದಳು.

ಅವತ್ತಿನಿಂದ ಅವಳಿಗೆ ಹಿಡಿದದ್ದು ಇದೊಂದೇ ಹುಚ್ಚು. ಆ ಪ್ರಶ್ನೆ ಬದಲಾಗಬೇಕು, ಫೋನು ಮಾಡಿದವಳು ತನ್ನ ಹೆಸರು ಹೇಳಿದರೆ ಸಾಕಾಗಬೇಕು. ಮೇಲಿನವರಿಗೆ ಬರೆದಳು, ಮೀಟಿಂಗ್ ಮೀಟಿಂಗಿನಲ್ಲೂ ಎದ್ದು ನಿಂತಳು. ಹೆಡ್ ಆಫೀಸಿನವರೋ, ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಹೆಂಗಸರಿಗೆ ತರಬೇತಿ ಕೊಡಿ ಎಂದರು. ಹೆಚ್ಚಿನ ಕರೆಗಳು ಸರಿಯಾಗೇ ಮುಗಿಯುತ್ತಿವೆ ಎಂದರು. ಸುಮ್ಮನೆ ನಿಂತವಳ ಕರೆ ಅವರಿಗೆ ಕರೆಯೇ ಅಲ್ಲ. ಇಷ್ಟರಲ್ಲಿ ಮತ್ತೂ ಕೆಲವು ಎಮ್ಮೆ ಸತ್ತವು. ಮನಿಷಾ ಸೊರಗಿ ಕಡ್ಡಿಯಾದಳು. ಸ್ಟೋರಿಗೆ ಬಂದು ಪೆಟ್ಟಿಗೆಯ ಮೇಲೆ ಕೂತು, "ನಾ ಮಾತಾಡೂದು ಕನ್ನಡಾನೋ ಮರಾಠೀನೋ ನನಗ ತಿಳೀವಲ್ದು ಕಾಕಾ, ಯಾರಿಗೂ ಕೇಳಸವಲ್ದು" ಎನ್ನುತ್ತಿದ್ದಳು. ಆ ಹುಡುಗಿಯ ಸಂಕಟ ನನಗೆ ನೋಡಲಾಗುತ್ತಿರಲಿಲ್ಲ.

ಕಡೆಗೆ ಹೆಡ್ ಆಫೀಸಿನ ವಿಕ್ರಾಂತ ಸಾಹೇಬರು ರಾಯಬಾಗಕ್ಕೆ ಬರುವುದಾಗಿ ಒಪ್ಪಿದರು. ಪುಣೆಯವರಾದರೂ ನಿಪ್ಪಾಣಿಯ ಅಳಿಯ, ಕನ್ನಡ ಬರುತ್ತದೆ. ತಮ್ಮ ಕಣ್ಣೆದುರು ಒಬ್ಬ ಹೆಂಗಸಿನಿಂದ ಫೋನು ಮಾಡಿಸಿ ತೋರಿಸಿ, ನಿಜವಾಗಿಯೂ ಹೆಸರು ಹೇಳಲಾಗದಿದ್ದರೆ ಪ್ರಶ್ನೆ ಬದಲಿಸೋಣ ಎಂದಿದ್ದರು. ಮನಿಷಾ ಏಕಸಂಬಿಯಿಂದ ಸಕ್ಕುಬಾಯಿಯನ್ನು ಕರೆತಂದಳು. ಸಕ್ಕುಬಾಯಿಯ ಗಂಡ ಹಾಲಸಿದ್ದ. ಅವರ ಮನೆದೇವರೂ ಹಾಲಸಿದ್ದನೇ. ದೇವರನ್ನು ಕೂಡ ಅವಳು "ಅವರ ಹೆಸರಿನ ದೇವ್ರು" ಎಂದೇ ಕರೆಯುವವಳು. ಇವಳು ಗೆಲ್ಲಿಸುತ್ತಾಳೆಂದು ನಾನೂ ನಂಬಿದೆ.

ಸಾಹೇಬರು ಬಂದದ್ದೇ ಸಿಡಿಮಿಡಿಯಲ್ಲಿ. ಬೆಂಚಿನ ಮೇಲೆ ಸಕ್ಕುಬಾಯಿ ಕೂತಿರುವಾಗಲೇ ಮನಿಷಾಳಿಗೆ, "ಇದ ಕಡೀ ಸಲ ನೋಡ್ರಿ ಮೇಡಮ್. ಹಿಂಗ ತಕರಾರ ಮಾಡ್ಕೋತ ಇರೂದಾದ್ರ ಬ್ಯಾರೆ ನೌಕರಿ ಹುಡಕ್ಕೋರಿ" ಎಂದರು. ಸಕ್ಕುಬಾಯಿ ತಲೆಯೆತ್ತಿ ಮನಿಷಾಳ ಮುಖ ನೋಡಿದಳು.

ಹೆಸರು ಹೇಳಬೇಡ ಎಂದು ಸಕ್ಕುಬಾಯಿಗೆ ಮೊದಲೇ ತಿಳಿಸಿಡು ಅಂತ ನಾನು ಮನಿಷಾಳ ಕಿವಿಯಲ್ಲಿ ಹೇಳಿದೆ. ಮನಿಷಾಳಿಗೆ ಅದು ಮೋಸ ಅನ್ನಿಸಿತು. "ಆಯೀ, ಮನ್ಯಾಗ ಎಮ್ಮಿಗಿ ಆರಾಮ ಇಲ್ಲಂದ್ರ ಹೆಂಗ ಫೋನ್ ಮಾಡ್ತೀರಿ, ಹಂಗ ಮಾಡ್ರಿ" ಎಂದಷ್ಟೇ ಹೇಳಿ, ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟಳು.

"ಸದಸ್ಯರ ಹೆಸರು ಹೇಳಿ."

ಸಕ್ಕುಬಾಯಿ ಬಾಯಿಗೆ ಸೆರಗು ಹಿಡಿದು, "ನಮ್ಮ ಬಾಳೇಶನ ಅಪ್ಪಾ" ಎಂದಳು.

"ಕ್ಷಮಿಸಿ, ಬಾಳೇಶ ಎಂಬ ಸದಸ್ಯರಿಲ್ಲ. ಸದಸ್ಯರ ಹೆಸರು ಹೇಳಿ."

ಮನಿಷಾ ಸಾಹೇಬರತ್ತ ತಿರುಗಿದಳು. ಬಾಡಿದ ಮುಖಕ್ಕೆ ಜೀವ ಬಂದಿತ್ತು. "ನೋಡಿದ್ರಿಲ್ರಿ ಸರ್? ದಿನಾ ಇದ ಆಗಾಕತ್ತೈತ್ರಿ. ಬೇಡ್ಕೋತೀನ್ರಿ, ಬೇಕಾದ್ರ ಕಾಲ ಬೀಳ್ತೀನ್ರಿ..." ಎನ್ನುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು.

ಅದನ್ನು ಸಕ್ಕುಬಾಯಿ ನೋಡಿದಳು. ಮಗಳಂಥ ಹುಡುಗಿ ತನ್ನಿಂದಾಗಿ ಸಾಹೇಬನ ಮುಂದೆ ಅಳುತ್ತಿದ್ದಾಳೆ, ಇನ್ನು ಇವಳ ನೌಕರಿ ಹೋಗುತ್ತದೆ. ಅವಳಿಗೆ ತಿಳಿದದ್ದು ಅಷ್ಟೇ. ಸೆರಗು ಬಿಟ್ಟಳು. ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು, ಮೇಜಿನತ್ತ ಬಾಗಿ, ಹೊರಗಿನ ರಸ್ತೆಗೂ ಕೇಳುವ ಹಾಗೆ ಕೂಗಿದಳು.

"ಹಾಲಸಿದ್ದ!"

"ಧನ್ಯವಾದಗಳು. ಡಾಕ್ಟರು ಹೊರಟಿದ್ದಾರೆ" ಎಂದಿತು ಮಷಿನು.

ಸಾಹೇಬರು ಚಪ್ಪಾಳೆ ತಟ್ಟಿದರು. "ಶಾಬ್ಬಾಸ್ ಆಯೀ! ನೋಡ್ರಿ ಮೇಡಮ್, ಎರಡನೇ ಸಲಕ್ಕ ಕಲತ್ರು. ಇದರ ರೆಕಾರ್ಡಿಂಗ್ ಎಲ್ಲಾ ಕೇಂದ್ರಕ್ಕ ಕಳಸೂಣು, ಉಳದ ಹೆಣ್ಮಕ್ಕಳೂ ಕಲೀತಾರ. ಪ್ರಶ್ನಿ ಹಂಗ ಇರಲಿ" ಎಂದು ಬ್ಯಾಗು ಹೆಗಲಿಗೇರಿಸಿ ಊಟಕ್ಕೆ ಹೊರಟರು.

ಮನಿಷಾ ನಿಂತಲ್ಲೇ ನಿಂತಿದ್ದಳು. ಸಕ್ಕುಬಾಯಿ ಹತ್ತಿರ ಬಂದು ಅವಳ ಗಲ್ಲ ಸವರಿದಳು.

"ಅಳಬ್ಯಾಡ ಮಗಳ, ಹೇಳೇನಲ್ಲ. ನಿನ್ನ ನೌಕರಿ ಉಳೀತಲ್ಲ?" ಎಂದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಮನಿಗಿ ಒಮ್ಮಿ ಫೋನ್ ಹಚ್ಚಿ ಕೊಡ ಬೇ. ಅವರು ಆರಾಮ ಅದಾರಿಲ್ಲೋ ಕೇಳ್ತೀನಿ."