ಜಯಕ್ಕನ ಬೋರಿಗೆ ಮಣ್ಣು ಕುಡಿಸಿದವನು

ಪೈಪಿಗೆ ಬಲೆ ಸುತ್ತದೆ ಗುಂಡಿಗೆ ಕಲ್ಲು ಸುರಿದುಬಿಟ್ಟೆ ನಾನು, ಜಯಕ್ಕ. ನಿನ್ನ ಬೋರು ತಾನಾಗಿ ಹಾಳಾಗಲಿಲ್ಲ. ಹಾಳು ಮಾಡಿದ್ದು ನಾನು. ವರ್ಷಗಳೇ ಆದವು, ಹೇಳಿರಲಿಲ್ಲ.

ಆವತ್ತು ನಿನ್ನ ಹೊಲದಲ್ಲಿ ಇಂಗುಗುಂಡಿ ಮಾಡುವ ಕೆಲಸ ನನ್ನದು. ಬೋರಿನ ಸುತ್ತ ಗುಂಡಿ ತೋಡಿ, ಕೇಸಿಂಗ್ ಪೈಪಿಗೆ ತೂತು ಹೊಡೆದಿದ್ದೆ. ಅದರ ಮೇಲೆ ಸಣ್ಣ ಕಣ್ಣಿನ ನೈಲಾನ್ ಬಲೆ ಸುತ್ತಬೇಕು, ಆಮೇಲೆ ಕಲ್ಲು, ಜಲ್ಲಿ, ಮರಳು. ಆಗ ಮಳೆನೀರು ಸೋಸಿಕೊಂಡು ಒಳಗೆ ಇಳಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳು. ಬಲೆ ಮುಗಿದಿತ್ತು. ಮೋಡ ಕಟ್ಟಿತ್ತು. ಪಂಚನಹಳ್ಳಿ ಅಂಗಡಿಯಿಂದ ತರಲು ಬೈಕಿತ್ತು, ಪೆಟ್ರೋಲೂ ಇತ್ತು — ಹೋಗಲು ಬೇಜಾರು, ಅಷ್ಟೇ.

ನೀನು ಬದುವಿನ ಮೇಲೆ ನಿಂತು ಕೇಳಿದೆ: “ಲೇ ಮಂಜ, ಬಲೆ ಸುತ್ತಿದ್ಯೇನೋ?”

“ಸುತ್ತಿವ್ನಿ ಕಣಕ್ಕ. ನಾನೇನ್ ನಿನ್ನೆ ಮೊನ್ನೆ ಗುದ್ಲಿ ಹಿಡ್ದವ್ನಾ?”

ನೀನು ನಕ್ಕೆ. ನಂಬಿದೆ.

ಮಳೆ ಹೊಯ್ಯಿತು. ಹೊಲದ ಕೆಂಪು ನೀರೆಲ್ಲ ಗುಂಡಿಗೆ ನುಗ್ಗಿತು. ನೀನು ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿದೆ: “ಬನ್ರೋ, ನೋಡ್ರೋ, ನನ್ ಬೋರು ಗಟಗಟ ಅಂತ ಕುಡೀತೈತೆ!”

ಮೋಟಾರ್ ಹಾಕಿದಾಗ ಬಂದದ್ದು ಕೆಸರು. ಆಮೇಲೆ ಅದೂ ನಿಂತಿತು. ನಿನ್ನ ತೆಂಗಿನ ಸಸಿಗಳು ಒಣಗಿದವು. ಏನಾಯಿತೆಂದು ಕೇಳಿದರೆ “ಒಳಗೆ ಕುಸ್ದೈತೆ ಕಣಕ್ಕ, ನಿನ್ ಹಣೆಬರ” ಅಂದೆ.

ಬೋರು ಒಂದೇ ಹೋಗಿದ್ದರೆ — ಇಲ್ಲ, ನಿನ್ನ ಮಾತಿನ ಬೆಲೆಯೂ ಹೋಯಿತು. ನೀರನ್ನು ಭೂಮಿಗೆ ಇಳಿಸದೆ ಬರೀ ಎತ್ತುತ್ತಾ ಹೋದರೆ ಎಲ್ಲರ ಬೋರೂ ಒಣಗುತ್ತದೆ ಎಂದು ಮನೆಮನೆಗೆ ಹೋಗಿ ಒಪ್ಪಿಸಿದವಳು ನೀನು. ಗುಂಡಿ ತೋಡಿಸಲು ಹೊಲದಲ್ಲಿ ಗುರುತು ಹಾಕಿದ್ದವರೂ ಹಿಂದೆ ಸರಿದರು. “ನಿನ್ ಬೋರಿಗೆ ಮಣ್ ಕುಡಿಸ್ದಂಗೆ ನಮ್ದುಕ್ಕೂ ಕುಡಿಸ್ತೀಯೇನಮ್ಮ?” ಎಂದು ಹಾಲಿನ ಡೈರಿಯ ಕಟ್ಟೆಯಲ್ಲಿ ಮುಖಕ್ಕೇ ಅಂದರು. ನೀನು ತಲೆ ತಗ್ಗಿಸಿ ಎದ್ದುಹೋದೆ. ನಾನು ಅಲ್ಲೇ ಮೊಬೈಲ್ ನೋಡುತ್ತಾ ಕೂತಿದ್ದೆ.

ಈಗಲೂ ಮಳೆ ಬಂದರೆ ನೀರು ಹೊಲ ದಾಟಿ ಹಳ್ಳ ಸೇರುತ್ತದೆ. ಊರಿನ ಬೋರುಗಳು ಒಂದೊಂದಾಗಿ ಬರೀ ಗಾಳಿ ಬಿಡುತ್ತಿವೆ.

ನಾಳೆ ಬೆಳಿಗ್ಗೆ ಹಾಲಿನ ಡೈರಿ ಹತ್ತಿರ ಎಲ್ಲರೂ ಕ್ಯಾನ್ ಹಿಡಿದು ನಿಂತಿರುವಾಗ ಇದನ್ನು ಹೇಳುತ್ತೇನೆ. ಜಯಕ್ಕ ಹೇಳಿದ್ದು ಸರಿ, ನಾನು ಮಾಡಿದ್ದು ತಪ್ಪು — ಅಷ್ಟು. ಬೈಯಲಿ. ಆಮೇಲೆ ಆ ಗುಂಡಿಯನ್ನು ನಾನೇ ಬಗೆದು ಖಾಲಿ ಮಾಡುತ್ತೇನೆ, ನೀನು ಹೊಲಕ್ಕೆ ಬಿಟ್ಟರೆ. ಬಿಡದಿದ್ದರೆ ಅದೂ ನ್ಯಾಯವೇ. ಇನ್ನು ಹೇಳುವುದಕ್ಕೆ ಏನೂ ಇಲ್ಲ.