ಭರಮಪ್ಪನಿಗೆ ಕುರಿ ಸಿಡುಬು ಬಂದ ಪ್ರಸಂಗ

ಪಾರಿಶ್ವಾಡದ ಭರಮಪ್ಪ ಅರವತ್ತೆರಡು ವರ್ಷದ ಬಾಳಿನಲ್ಲಿ ತೋಳ ಕಂಡವನು, ಚಿರತೆ ಓಡಿಸಿದವನು, ಖಾನಾಪುರದ ಮಳೆಗೆ ಕಂಬಳಿಯೊಂದನ್ನೇ ಹೊದ್ದು ನಲವತ್ತೆರಡು ಕುರಿಗಳ ಸಾಮ್ರಾಜ್ಯ ಕಾಪಾಡಿದವನು. ಇಂಥ ಚಕ್ರವರ್ತಿಯನ್ನು ಹೋದ ತಿಂಗಳು ಕೆಣಕಿದ್ದು ಉಗುರಿನಷ್ಟಗಲದ ಒಂದು ಗಾಜಿನ ಚೂರು.

ಅದನ್ನು ತಂದವನು ಬೆಳಗಾವಿಯ ಮಹಾಂತೇಶ ನಗರದ ಒಂದು ಪ್ರಯೋಗಾಲಯದ ತರುಣ ವಿಜ್ಞಾನಿ ಪರಾಗ. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು. ಕುರಿಯ ಸಿಂಬಳದಲ್ಲಿ ಸಿಡುಬಿನ ರೋಗಾಣುವಿನ ಡಿಎನ್‌ಎ ಇದ್ದರೆ ಬಂದು ಅಲ್ಲಿ ಅಂಟಿಕೊಳ್ಳುತ್ತದೆ. ನೀಲಿ ಬೆಳಕು ಬಿಟ್ಟರೆ ಆ ಜಾಗ ಹೊಳೆಯುತ್ತದೆ.

ಪರೀಕ್ಷೆಗೆ ಭರಮಪ್ಪ ಒಪ್ಪಿದ. ಆದರೆ ಪರರ ಕೈ ತಾಗುವ ಮೊದಲು ಕುರಿಯ ಹಣೆಯಿಂದ ಮೂಗಿನವರೆಗೆ ಮೈಲಾರಲಿಂಗನ ಭಂಡಾರ, ಅಂದರೆ ರವಿವಾರ ಪೇಟೆಯಿಂದ ತಂದ ಅರಿಶಿನ ಪುಡಿ, ಬಳಿಯುವುದು ಅವನ ಮನೆತನದ ಪದ್ಧತಿ. ದೃಷ್ಟಿ ತಾಗಬಾರದಲ್ಲ. ನಲವತ್ತೆರಡಕ್ಕೂ ಧಾರಾಳವಾಗಿ ಬಳಿದ. ಪರಾಗ ಆ ಮೂಗುಗಳಿಂದಲೇ ಸಿಂಬಳ ತೆಗೆದುಕೊಂಡು ಹೋದ.

ಮೂರನೆಯ ದಿನ ವರದಿ ಬಂತು: ಎಲ್ಲಕ್ಕೂ ಸಿಡುಬು. ಗುಡಿಯ ಮೈಕಿನಲ್ಲಿ ಮೂರು ಸಲ ಕೂಗಿದರು. ಕೆರೆ ಬಂದ್, ಹುಲ್ಲುಗಾವಲು ಬಂದ್. ಕುರಿಗಳ ಮೈಮೇಲೆ ಒಂದು ಗುಳ್ಳೆಯಿಲ್ಲ ಎಂದು ಭರಮಪ್ಪ ಮನೆಮನೆಗೆ ಹೇಳಿ ಬಂದ. ಯಾರೂ ಕಿವಿಗೊಡಲಿಲ್ಲ. ದೊಡ್ಡಿಯಲ್ಲಿ ಕುರಿಗಳು ಹಸಿದು ಅರಚತೊಡಗಿದವು.

ನಾಲ್ಕು ದಿನ ತಡೆದುಕೊಂಡ. ಐದನೆಯ ದಿನ ಹಣೆ, ಮೂಗು ತುಂಬ ಭಂಡಾರ ಬಳಿದುಕೊಂಡು ಬೆಳಗಾವಿಯ ಮೇಲೆ ದಂಡೆತ್ತಿ ಹೊರಟ. ರಥ, ಖಾನಾಪುರದವರೆಗೆ ಮೂರು ಗಾಲಿಯ ಟಂಟಂ. ಮುಂದೆ ಸರ್ಕಾರಿ ಬಸ್ಸು.

ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಪರಾಗ ನಯವಾಗಿ ವಿವರಿಸಿದ.

“ಹಂಗಾದ್ರ ನನ್ನ ಮೂಗೂ ತಪಾಸ ಮಾಡ್ರಿ,” ಎಂದು ಭರಮಪ್ಪ ಕುರ್ಚಿ ಎಳೆದು ಕುಳಿತೇಬಿಟ್ಟ.

ಮುದುಕನ ಸಮಾಧಾನಕ್ಕೆಂದು ಪರಾಗ ಪರೀಕ್ಷಿಸಿದ. ಗಾಜು ದೀಪಾವಳಿಯ ಹಾಗೆ ಹೊಳೆಯಿತು. ಕುರಿ ಸಿಡುಬು ಮನುಷ್ಯರಿಗೆ ಬರುವುದಿಲ್ಲವೆಂದು ಓದಿದ್ದ ಪರಾಗ ಗಾಜನ್ನೊಮ್ಮೆ, ಭರಮಪ್ಪನನ್ನೊಮ್ಮೆ ನೋಡಿದ.

“ಕುರಿ ಕಾದು ಕಾದು ನಾನೂ ಕುರಿ ಆಗೇನೇನ್ರಿ ಸಾಹೇಬ್ರ?”

ಪರಾಗ ಭರಮಪ್ಪನ ಮೂಗಿನ ಮೇಲಿನ ಹಳದಿ ಪುಡಿಯನ್ನು ಬೆರಳಿಗೆ ತೆಗೆದು ನೀಲಿ ಬೆಳಕಿಗೆ ಹಿಡಿದ. ರೋಗವಿಲ್ಲ, ಡಿಎನ್‌ಎ ಇಲ್ಲ. ಅರಿಶಿನ ತನ್ನಷ್ಟಕ್ಕೇ ಹೊಳೆಯುತ್ತಿತ್ತು. ಮೋರೆ ಕೆಂಪಗೆ ಮಾಡಿಕೊಂಡು ಕ್ಷಮೆ ಕೇಳಿದ. ಕುರಿಗಳ ಮೂಗು ತೊಳೆಸಿ ಮತ್ತೆ ಪರೀಕ್ಷಿಸುತ್ತೇನೆ, ಹೊಸ ವರದಿ ಅಂಚೆಯಲ್ಲಿ ಕಳಿಸುತ್ತೇನೆ ಎಂದ.

ಭರಮಪ್ಪನಿಗೆ ನಿಜವಾದ ಸಿಟ್ಟು ಬಂದದ್ದು ಆಗ.

“ಕೆಟ್ಟಾವ ಅನ್ನೂದು ಮೈಕಿನ್ಯಾಗ, ಚಲೋ ಅದಾವ ಅನ್ನೂದು ಕಾಗದದಾಗೇನು? ಮೂರು ಸಲ ಕೂಗ್ಯಾರ. ನೀವಾ ಬಂದು ಮೂರು ಸಲ ಹೇಳ್ರಿ.”

ಮರುದಿನ ಪರಾಗ ಬಂದ. ತೊಳೆದ ನಲವತ್ತೆರಡು ಮೂಗುಗಳ ಪೈಕಿ ಒಂದೂ ಹೊಳೆಯಲಿಲ್ಲ. ಗುಡಿಯ ಮೈಕು ಹಿಡಿದು ಅವನು ಚಿನ್ನದ ಕಣಗಳಿಂದ ಶುರುಮಾಡಿದಾಗ ಭರಮಪ್ಪ ಕೋಲು ಕುಟ್ಟಿದ. ಪರಾಗ ನೇರ ಕುರಿಗಳ ವಿಷಯಕ್ಕೆ ಬಂದ: ಎಲ್ಲವೂ ಆರೋಗ್ಯವಾಗಿವೆ, ತಪ್ಪು ನಮ್ಮದು.

ಎರಡನೆಯ ಸಲ ಹೇಳುವಷ್ಟರಲ್ಲಿ ಯಾರೋ ದೊಡ್ಡಿಯ ಬಾಗಿಲು ತೆಗೆದಿದ್ದರು. ಕುರಿಗಳು ಕೆರೆ ಮುಟ್ಟಿದ್ದವು. ಭರಮಪ್ಪ ಮಾತ್ರ ಕದಲಲಿಲ್ಲ. ಮೂರನೆಯದನ್ನೂ ಪೂರ್ತಿ ಕೇಳಿಸಿಕೊಂಡು, ಆಮೇಲೆ ಕಂಬಳಿ ಕೊಡವಿ ಹೆಗಲಿಗೇರಿಸಿ, ಅವುಗಳ ಹಿಂದೆ ನಡೆದ.