ತಿರುಪ್ಪೂರಿನ ತುದಿಯ ದೀಪ

ಎಂಟೂವರೆಗೆ ಮಿಷನ್ ರೂಮಿನ ಬೀಗ ತೆಗೆಯುವುದು. ಚಪ್ಪಲಿ ಬಾಗಿಲಾಚೆ ಬಿಡುವುದು. ಏಸಿ ಹಾಕಿ ಹತ್ತು ನಿಮಿಷ ಕಾದು, ಆಮೇಲೆ ಕಂಪ್ಯೂಟರಿನ ಸ್ವಿಚ್ಚು. ಪರದೆಯಲ್ಲಿ ಹಸಿರು ಅಕ್ಷರಗಳು ಬಂದು ನಿಂತಾಗ ಗಡಿಯಾರ ನೋಡಿ ನೋಟುಪುಸ್ತಕದಲ್ಲಿ ಸಮಯ ಬರೆಯುವುದು. ಎಂಬತ್ತರ ದಶಕದ ಕೊನೆಯ ಕೆಲವು ವರ್ಷ, ಕೊಯಮತ್ತೂರಿನ ಬಳಿ ಪೆರಿಯನಾಯಕನಪಾಳ್ಯದ ಒಂದು ನೂಲಿನ ಮಿಲ್ಲಿನಲ್ಲಿ ನನ್ನ ಬೆಳಗು ಹೀಗೆ ಶುರುವಾಗುತ್ತಿತ್ತು. ಒಂದು ದಿನವೂ ಈ ಕ್ರಮ ತಪ್ಪಿಸಿದ ನೆನಪಿಲ್ಲ.

ಕ್ರಮ ಬಂದದ್ದು ಹಾಸ್ಟೆಲಿನಿಂದ. ನೆಗಮಂನ ನೇಕಾರರ ಮನೆಯ ಹುಡುಗಿಯಾದ ನನ್ನನ್ನು ಅಪ್ಪ ಕೊಳ್ಳೇಗಾಲದ ಕಡೆ ಕ್ರೈಸ್ತ ಸನ್ಯಾಸಿನಿಯರ ಶಾಲೆಗೆ ಸೇರಿಸಿದ್ದರು. ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಐದಕ್ಕೆ ಗಂಟೆ, ಐದೂಕಾಲಿಗೆ ತಣ್ಣೀರು, ಹಾಸಿಗೆ ಮಡಿಸಿದರೆ ಅಂಚು ಗೀಟು ಎಳೆದ ಹಾಗಿರಬೇಕು. ಕನ್ನಡ ಅಕ್ಷರ ಕಲಿತದ್ದೂ ಅಲ್ಲೇ. ನೆಗಮಂ ತಮಿಳಿನ ಊರಾದರೂ ನಮ್ಮ ಬೀದಿಯಲ್ಲಿ ಮನೆಮನೆಯ ಮಾತೂ ಕನ್ನಡ. ಅದನ್ನು ಓದಲು ಬರುತ್ತಿದ್ದವಳು ಮಾತ್ರ ನಾನೊಬ್ಬಳು.

ಮಿಲ್ಲಿಗೆ ನಾನು ಸೇರಿದ್ದು ಟೆಲಿಫೋನ್ ಬೋರ್ಡಿನ ಆಪರೇಟರ್ ಆಗಿ. ಕಂಪ್ಯೂಟರ್ ತರಿಸಿದಾಗ ಮ್ಯಾನೇಜರು ನನ್ನ ಹಳೆಯ ರಿಜಿಸ್ಟರುಗಳನ್ನು ತಿರುವಿ ನೋಡಿ, ಎಲ್ಲೂ ಒಂದು ಹೊಡೆದುಹಾಕಿದ ಗುರುತೂ ಇಲ್ಲವಲ್ಲ ಎಂದು ತರಬೇತಿಗೆ ನನ್ನನ್ನೇ ಕಳಿಸಿದರು. ನಲವತ್ತು ದಾಟಿದ ಮೇಲೆ ಹೊಸ ವಿದ್ಯೆ. ತರಬೇತಿಯಲ್ಲಿ ಹೇಳಿಕೊಟ್ಟ ಒಂದು ನಿಯಮ ನನ್ನ ಹಾಸ್ಟೆಲಿನ ಮನಸ್ಸಿಗೆ ಬಹಳ ಹಿಡಿಸಿತು: ಕಂಡದ್ದನ್ನು ಬರೆಯಿರಿ, ಕೇಳಿದ್ದನ್ನು ಬರೆಯಬೇಡಿ.

ನಮ್ಮ ವ್ಯವಸ್ಥೆ ಸರಳವಾಗಿತ್ತು. ಯಾವ ನೂಲು ಎಷ್ಟಿದೆ ಎಂಬ ದಾಸ್ತಾನು ಮಿಲ್ಲಿನ ದೊಡ್ಡ ಮಿಷನ್ನಿನಲ್ಲಿ. ಬನಿಯನ್ ಕಂಪೆನಿಗಳ ಆರ್ಡರುಗಳು ತಿರುಪ್ಪೂರಿನ ಮಾರಾಟ ಕಚೇರಿಯ ಚಿಕ್ಕ ಮಿಷನ್ನಿನಲ್ಲಿ. ಎರಡು ಊರಲ್ಲಿ ಹಂಚಿಹೋಗಿದ್ದರೂ ಡೇಟಾಬೇಸು ಒಂದೇ. ತಿರುಪ್ಪೂರಿನಲ್ಲಿ ಕೂತು ಕೇಳಿದ ಪ್ರಶ್ನೆ ಬಾಡಿಗೆಗೆ ಪಡೆದ ಟೆಲಿಫೋನ್ ಲೈನಿನಲ್ಲಿ ನಮ್ಮ ಸರ್ವರಿಗೆ ಬಂದು, ಉತ್ತರ ಹಿಡಿದುಕೊಂಡು ಹಿಂತಿರುಗುತ್ತಿತ್ತು. ಎರಡೂ ತುದಿಯಲ್ಲಿ ಲೈನಿಗೆ ಒಂದೊಂದು ಮೋಡೆಮ್ ಪೆಟ್ಟಿಗೆ, ಪಕ್ಕದಲ್ಲಿ ಒಂದೊಂದು ರಿಸೀವರು. ರಿಸೀವರು ಎತ್ತಿದರೆ ಡೇಟಾ ನಿಂತು, ಅದೇ ತಂತಿಯಲ್ಲಿ ಮನುಷ್ಯರು ಮಾತಾಡಬಹುದು. ಇಟ್ಟರೆ ಪೆಟ್ಟಿಗೆಯ ದೀಪ ಹತ್ತಿ ಮಿಷನ್ನುಗಳ ಮಾತು ಮತ್ತೆ ಶುರು.

ತಿರುಪ್ಪೂರಿನ ತುದಿಯಲ್ಲಿದ್ದವಳು ನಮ್ಮವಳೇ. ನೆಗಮಂನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ. ಅವಳ ಅಮ್ಮನೂ ನನ್ನ ಅಮ್ಮನೂ ಒಂದೇ ಜಗಲಿಯ ಮೇಲೆ ಕೂತು ರಾಟೆಯಲ್ಲಿ ನೂಲು ಸುತ್ತಿದವರು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಟೈಪಿಂಗ್ ಮುಗಿಸಿ ಕೂತಿದ್ದವಳನ್ನು ಮ್ಯಾನೇಜರ ಮುಂದೆ ನಿಲ್ಲಿಸಿ "ಇವಳ ಹೊಣೆ ನನ್ನದು" ಎಂದವಳು ನಾನು. ಕೆಲಸ ಕಲಿಸಿದವಳೂ ನಾನೇ. ನನ್ನ ಬಾಯಲ್ಲಿ ಅವಳು 'ಕಣ್ಣು', ನಮ್ಮ ಕಡೆಯ ಮುದ್ದಿನ ಮಾತು.

ಒಂಬತ್ತೂಕಾಲಿಗೆ ದಿನದ ಲೈನ್ ಟೆಸ್ಟು. ಇಬ್ಬರೂ ರಿಸೀವರು ಎತ್ತಿ, ಲೈನಿನ ಬಲ ತೋರಿಸುವ ಮೀಟರು ಓದುತ್ತಿದ್ದೆವು.

"ಅಕ್ಕಾ, ಕೇಳ್ತಾ ಅದಾ?"

"ಕೇಳ್ತದೆ. ಮೀಟರ್ ನೋಡಿ ಹೇಳು."

"ಹೇಳ್ತೀನಿರು. ಇವತ್ತು ಮನೇಲಿ ಅನ್ನಕ್ಕೆ ಏನು ಕೊಳಂಬು?"

"ಮೊದಲು ಮೀಟರ್."

"ನೀ ಮೀಟರ್ ಕೂಡೇ ಸಂಸಾರ ಮಾಡ್ತೀಯ ಬಿಡಕ್ಕಾ!"

ಸುತ್ತ ಇದ್ದವರಿಗೆಲ್ಲ ತಮಿಳು. ಸ್ಟೋರಿನ ಗುಮಾಸ್ತರು ಬಾಗಿಲಲ್ಲಿ ನಿಂತು, "ಅಮ್ಮಣೀ, ರಹಸ್ಯ ಭಾಷೆ ಶುರುವಾಯ್ತಾ?" ಎಂದು ಛೇಡಿಸುತ್ತಿದ್ದರು. ನನಗದು ಹಿತವೇ ಆಗಿತ್ತು. ಇಡೀ ದಿನ ಆಫೀಸಿನ ತಮಿಳು, ಕಾಗದದ ಇಂಗ್ಲಿಷು. ಆ ಐದು ನಿಮಿಷ ಮಾತ್ರ ಅಮ್ಮನ ಅಡುಗೆಮನೆಯ ಮಾತು.

ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಎದ್ದಾಗ ತೊಂದರೆ ಶುರುವಾಯಿತು. ದಿನಾ ಹನ್ನೊಂದಕ್ಕೆ ತಿರುಪ್ಪೂರಿನ ಸೇಲ್ಸ್ ಮ್ಯಾನೇಜರು ಗಿರಾಕಿಗಳಿಗೆ ನೂಲು ಹಂಚಲು ಕೂರುತ್ತಿದ್ದರು. ಸರಿಯಾಗಿ ಆ ಹೊತ್ತಿಗೆ ಅವರ ಪರದೆಯಲ್ಲಿ "ಎದುರಿನ ಸರ್ವರ್ ಉತ್ತರಿಸುತ್ತಿಲ್ಲ" ಎಂಬ ಸಾಲು. ನನ್ನ ಪೆಟ್ಟಿಗೆಯ ದೀಪವೂ ಆರುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ತಾನಾಗಿ ಹತ್ತುತ್ತಿತ್ತು.

ಮೊದಲ ದಿನ ನಮ್ಮ ಮ್ಯಾನೇಜರು ನಕ್ಕರು. "ಆಡಿ ಗಾಳಿಗೆ ಅರೆಯುವ ಕಲ್ಲೇ ಹಾರುತ್ತೆ ಅಂತಾರೆ. ನಿನ್ನ ತಂತಿ ಯಾವ ಲೆಕ್ಕ ಅಮ್ಮಣಿ?" ಒಂದು ವಾರದ ಮೇಲೆ ಅವರು ನಗಲಿಲ್ಲ.

ನಾನು ಒಂದೊಂದಾಗಿ ಪರೀಕ್ಷೆ ಮಾಡುತ್ತ ಬಂದೆ. ದೀಪ ಆರಿದ್ದಾಗಲೇ ನನ್ನ ಟರ್ಮಿನಲ್ಲಿನಲ್ಲಿ ದಾಸ್ತಾನು ಕೇಳಿದೆ. ತಕ್ಷಣ ಉತ್ತರ ಬಂತು. ಅಂದರೆ ಡೇಟಾಬೇಸು ಸರಿ. ಹೊರಗಿನ ಕರೆಗೆ ಕಾದು ಕೂರುವ ಪ್ರೋಗ್ರಾಮು ಎಚ್ಚರವಾಗಿದೆಯೇ ನೋಡಿದೆ, ಇತ್ತು. ಮೋಡೆಮ್ಮಿನ ಹಿಂದಿನ ಗುಂಡಿ ಒತ್ತಿ, ಕಳಿಸಿದ ಅಕ್ಷರ ನನಗೇ ವಾಪಸು ಬರುವ ಹಾಗೆ ಮಾಡಿದೆ. ಒಂದೂ ಕೆಡದೆ ಬಂದವು. ಕೇಬಲ್ ಬದಲಿಸಿದೆ. ಪ್ರತಿಯೊಂದನ್ನೂ ಹೊತ್ತು ಸಮೇತ ಬರೆದಿಟ್ಟೆ.

ಕೊನೆಗೆ ಸಾಧಾರಣ ಫೋನಿನಲ್ಲಿ ತಿರುಪ್ಪೂರಿಗೆ ಕರೆ ಮಾಡಿದೆ.

"ಕಣ್ಣೂ, ನಿನ್ನ ಕಡೆ ದೀಪ?"

"ಹತ್ತೇ ಅದೆ ಅಕ್ಕಾ. ಇಲ್ಲಿ ಎಲ್ಲಾ ಸರಿಯಾಗೇ ಅದೆ."

ನಾನು ಪುಸ್ತಕದಲ್ಲಿ ಬರೆದೆ: ತಿರುಪ್ಪೂರು, ದೀಪ ಹತ್ತಿದೆ. ಹೀಗೆ ಇಪ್ಪತ್ತು ದಿನ ಕೇಳಿದೆ, ಇಪ್ಪತ್ತು ದಿನ ಬರೆದೆ. ನಮ್ಮ ಲೈನಿನಲ್ಲಿ ಹೋಗಲು ಒಂದು ಜೋಡಿ ತಂತಿ, ಬರಲು ಒಂದು ಜೋಡಿ. ಅಲ್ಲಿ ದೀಪ ಹತ್ತಿ ಇಲ್ಲಿ ಆರಿದೆ ಎಂದರೆ ತಿರುಪ್ಪೂರಿನಿಂದ ಇತ್ತ ಬರುವ ಜೋಡಿ ಮಾತ್ರ ಎಲ್ಲೋ ಕೆಟ್ಟಿದೆ ಎಂದರ್ಥ. ಆ ಜೋಡಿಯ ಹಿಂದೆ ಬಿದ್ದೆ. ಟೆಲಿಫೋನ್ ಲೈನ್‌ಮನ್ನನ್ನು ಮೂರು ಸಲ ಕಂಬ ಹತ್ತಿಸಿದೆ.

ನಡುವೆ ನಮ್ಮ ಮ್ಯಾನೇಜರು ಕರೆಸಿದರು. "ಆಡಿ ಮುಗಿಯುವವರೆಗೆ ನೋಡ್ತೀನಿ. ಆವಣಿ ಹುಟ್ಟಿದರೆ ದೊಡ್ಡ ಮಿಷನ್ನೂ ತಿರುಪ್ಪೂರಿಗೆ. ಅಲ್ಲಿ ಆ ಹುಡುಗಿ ನೋಡಿಕೊಳ್ತಾಳಂತೆ. ನೀನು ಹಳೇ ಬೋರ್ಡಿಗೆ ಹೋಗು." ಆಡಿ ಮುಗಿಯಲು ಎಂಟು ದಿನ ಉಳಿದಿತ್ತು.

ಮೂರನೆಯ ಸಲ ಕಂಬದಿಂದ ಇಳಿದ ಲೈನ್‌ಮನ್ ಸೈಕಲ್ಲಿಗೆ ಒರಗಿ ಬೆವರು ಒರೆಸಿಕೊಂಡ.

"ನನ್ನ ತಂತಿ ಸುದ್ದವಾಗಿದೆ ಅಮ್ಮಣಿ. ದಿನಾ ಹನ್ನೊಂದಕ್ಕೆ ಗಡಿಯಾರ ನೋಡಿ ಬೀಸೋ ಗಾಳಿ ನಾ ಕಂಡಿಲ್ಲ. ಆ ಕಡೆ ಪೆಟ್ಟಿಗೆ ಯಾರು ನೋಡಿದ್ದು?"

"ನಮ್ಮ ಹುಡುಗಿ. ದೀಪ ಹತ್ತಿದೆ ಅಂತ ಹೇಳಿದ್ದಾಳೆ."

"ಹೇಳಿದ್ದಾಳೆ," ಎಂದ. "ಸರಿ." ಸೈಕಲ್ ಹತ್ತಿ ಹೋದ.

ಆ "ಸರಿ" ನನ್ನ ಕಿವಿಯಲ್ಲಿ ಉಳಿಯಿತು. ಕೂತು ಪುಸ್ತಕ ತಿರುವಿದೆ. ಬೇರೆ ಎಲ್ಲ ಕಡೆ ನಾನು ಕಣ್ಣಾರೆ ಕಂಡದ್ದು. ಆ ಒಂದು ಸಾಲು ಮಾತ್ರ ಕೇಳಿದ್ದು. ತಮಿಳಿನಲ್ಲಿ ಯಾರಾದರೂ ಹೇಳಿದ್ದರೆ ಮೀಟರಿನ ಸಂಖ್ಯೆ ಕೇಳುತ್ತಿದ್ದೆ, ಇಂಗ್ಲಿಷಿನಲ್ಲಿ ಹೇಳಿದ್ದರೆ ಬರೆದು ಕಳಿಸಿ ಎನ್ನುತ್ತಿದ್ದೆ. ಮನೆಮಾತಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಬೀದಿಯಲ್ಲಿ ಯಾರೂ ಹಾಗೆ ಕೇಳಿದವರಲ್ಲ.

ಮರುದಿನ ಹನ್ನೊಂದಕ್ಕೆ ದೀಪ ಆರಿತು. ನಾನು ಫೋನು ಮಾಡಲಿಲ್ಲ. ಮೋಡೆಮ್ಮಿನ ಪಕ್ಕದ ರಿಸೀವರು ಎತ್ತಿ ಕಿವಿಗಿಟ್ಟೆ. ತಂತಿ ಕೆಟ್ಟಿದ್ದರೆ ಏನೂ ಕೇಳಿಸಬಾರದು.

ಫ್ಯಾನು ತಿರುಗುವ ಸದ್ದು ಕೇಳಿಸಿತು. ನಮ್ಮ ರೂಮಿನಲ್ಲಿ ಫ್ಯಾನು ಇಲ್ಲ. ಕುರ್ಚಿ ಎಳೆದದ್ದು ಕೇಳಿಸಿತು. ಆಮೇಲೆ ಗಂಡಸಿನ ದನಿ, ಸೇಲ್ಸ್ ಮ್ಯಾನೇಜರದು, ತಮಿಳಿನಲ್ಲಿ: "ಇವತ್ತೂ ಇಲ್ವಾ?"

ಆಮೇಲೆ ಅವಳದು, ಅದೂ ತಮಿಳಿನಲ್ಲಿ. "ಏನು ಮಾಡೋದು ಸಾರ್? ಆ ಅಕ್ಕನಿಗೆ ವಯಸ್ಸಾಯ್ತು. ಹನ್ನೊಂದಕ್ಕೆ ಕಾಫಿಗೆ ಹೋಗುವಾಗ ಏನೋ ಆರಿಸಿಟ್ಟು ಹೋಗ್ತಾರೆ. ಕೇಳಿದರೆ ಗಾಳಿ ಅಂತಾರೆ. ಮಿಷನ್ ಇಲ್ಲೇ ಇದ್ದರೆ ನಾನು ನೋಡ್ಕೊಳ್ಳಲ್ವಾ?"

ಎಲ್ಲವೂ ಒಮ್ಮೆಗೇ ತಿಳಿಯಿತು. ಅವಳು ರಿಸೀವರು ಎತ್ತಿ ಮೇಜಿನ ಮೇಲೆ ಮಲಗಿಸಿದ್ದಳು, ಅಷ್ಟೇ; ಅವಳ ಕಡೆಯ ದೀಪವೂ ಆರಿಯೇ ಇತ್ತು. ಬೇರೇನೂ ಕೆಟ್ಟಿರಲಿಲ್ಲ. ನಾನು ಹುಡುಕುತ್ತಿದ್ದ ದೋಷ ಇಪ್ಪತ್ತು ದಿನದಿಂದ ನನ್ನನ್ನು ಅಕ್ಕಾ ಎಂದು ಕರೆಯುತ್ತಿತ್ತು. ಕಾಫಿಯನ್ನಂತೂ ನಾನು ಹಾಸ್ಟೆಲಿನಿಂದ ಈಚೆಗೆ ಮುಟ್ಟಿದವಳಲ್ಲ; ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆಗ ನಾನು ಮಾಡಬೇಕಾಗಿದ್ದದ್ದು ಸ್ಪಷ್ಟ. ಉಸಿರು ಬಿಗಿಹಿಡಿದು, ರಿಸೀವರನ್ನು ಹಾಗೇ ಇಟ್ಟು, ಮ್ಯಾನೇಜರನ್ನು ಕರೆದು ತಂದು ಕೇಳಿಸಬೇಕಿತ್ತು. ಹಾಗೆ ಮಾಡಲಿಲ್ಲ. ಮಾತು ಬಾಯಿಗೆ ಬಂದುಬಿಟ್ಟಿತು.

"ಏ ಕಣ್ಣೂ, ನಾ ಕೇಳ್ತಾ ಇದೀನಿ."

ಅಲ್ಲಿ ರಿಸೀವರು ಟಕ್ಕೆಂದು ಕೂತಿತು. ನಾನೂ ರಿಸೀವರು ಇಟ್ಟೆ. ದೀಪ ಹತ್ತಿತು.

ಮ್ಯಾನೇಜರಿಗೆ ಹೇಳಿದೆ. ಮರುದಿನ ಹನ್ನೊಂದಕ್ಕೆ ಅವರೇ ಬಂದು, ಚಪ್ಪಲಿ ಹೊರಗೆ ಬಿಟ್ಟು ನನ್ನ ಪಕ್ಕ ಕೂತರು. ದೀಪ ಆರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ಅವರು ನೋಟುಪುಸ್ತಕ ಕೇಳಿದರು.

"ಇಪ್ಪತ್ತು ದಿನ ಸರಿಹೋಗದ್ದು, ನೀನು ಆ ಹುಡುಗಿ ಮೇಲೆ ದೂರು ಹೇಳಿದ ದಿನವೇ ಸರಿಹೋಯ್ತು. ಅದು ಹೇಗೆ ಅಮ್ಮಣಿ?"

"ನಾನು ಕೇಳಿಸಿಕೊಂಡದ್ದು ಅವಳಿಗೆ ಗೊತ್ತಾಯ್ತು ಸಾರ್."

ಅವರು ಬೆರಳಿಟ್ಟು ಓದಿದರು. "ತಿರುಪ್ಪೂರು, ದೀಪ ಹತ್ತಿದೆ. ತಿರುಪ್ಪೂರು, ದೀಪ ಹತ್ತಿದೆ. ಇದು ನಿನ್ನ ಕೈಬರಹ ತಾನೇ? ಆ ಕಡೆ ಸರಿ, ನಿನ್ನ ಕಡೆ ಕೆಟ್ಟಿದೆ ಅಂತ ನೀನೇ ಬರೆದಿದ್ದೀಯ."

ಅವರು ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದರು.

"ನೀವಿಬ್ಬರೂ ದಿನಾ ಕನ್ನಡದಲ್ಲಿ ಏನು ಮಾತಾಡ್ಕೊಂಡ್ರೋ ನನಗೇನು ಗೊತ್ತು? ನಿಮ್ಮ ಬೀದಿ ಜಗಳ ಮಿಲ್ಲಿಗೆ ತರಬೇಡಿ."

ಆ ಭಾನುವಾರ ಬಸ್ಸು ಹತ್ತಿ ತಿರುಪ್ಪೂರಿಗೆ ಹೋದೆ. ಅವಳು ಅಮ್ಮನ ಜೊತೆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಅವಳ ಅಮ್ಮ ನನ್ನ ಕೈ ಹಿಡಿದು ಕೂರಿಸಿ ಮಜ್ಜಿಗೆ ಕೊಟ್ಟರು. ಅವರಿಗೆ ಏನೂ ಗೊತ್ತಿರಲಿಲ್ಲ. ಅವರು ನೀರಿಗೆ ಹೋಗುವವರೆಗೆ ಕಾದು ಕೇಳಿದೆ.

"ಯಾಕೆ ಮಾಡಿದೆ?"

ಅವಳು ತಲೆ ತಗ್ಗಿಸಲಿಲ್ಲ. "ಲೈನ್ ಸರಿಯಾಗಿ ನಡೆದರೆ ತಿರುಪ್ಪೂರಿನಾಗೆ ಆಪರೇಟರ್ ಬೇಕಿಲ್ಲ ಅಂತ ನೀನೇ ಬರೆದೆಯಲ್ಲಕ್ಕಾ. ಆ ಕಾಗದ ನಮ್ಮ ಸಾರ್ ಮೇಜಿನ ಮೇಲೆ ಇತ್ತು. ನಾ ಓದಿದೆ."

ಬರೆದದ್ದು ನಿಜ. ಆರು ತಿಂಗಳ ವರದಿಯ ಕೊನೆಯಲ್ಲಿ, ಇಂಗ್ಲಿಷಿನಲ್ಲಿ, ಒಂದು ಸಾಲು. ಅವಳನ್ನು ಮಿಲ್ಲಿಗೇ ಕರೆಸಿಕೊಂಡು ನನ್ನ ಪಕ್ಕದ ಕುರ್ಚಿ ಕೊಡಿಸಬೇಕೆಂದು ಮನಸ್ಸಿನಲ್ಲಿತ್ತು. ಅದನ್ನು ಬರೆದಿರಲಿಲ್ಲ.

"ನನ್ನ ಒಂದು ಮಾತು ಕೇಳಬಹುದಿತ್ತು," ಎಂದೆ.

"ನೀ ಒಂದು ಮಾತು ಹೇಳಬಹುದಿತ್ತು. ದಿನಾ ಮೀಟರ್ ಕೇಳ್ತಿದ್ದೆ. ಅದನ್ನ ಹೇಳಲಿಲ್ಲ."

ಅವಳ ಹೆದರಿಕೆ ನನಗೆ ಅರ್ಥವಾಯಿತು. ಆ ಸಾಲು ಬರೆದು ಸುಮ್ಮನಿದ್ದದ್ದು ನನ್ನ ತಪ್ಪು, ಅದನ್ನು ಇಂದಿಗೂ ಒಪ್ಪುತ್ತೇನೆ. ಆದರೆ ಹೆದರಿದವಳು ನನ್ನೊಡನೆ ಜಗಳವಾಡಬಹುದಿತ್ತು, ಮಾತು ಬಿಡಬಹುದಿತ್ತು. ಬೆಳಿಗ್ಗೆ ಕೊಳಂಬು ಏನೆಂದು ಕೇಳಿ, ಹನ್ನೊಂದಕ್ಕೆ ನನ್ನ ಕೈಯಿಂದಲೇ ಸುಳ್ಳು ಬರೆಸಬೇಕಾಗಿರಲಿಲ್ಲ. ಮಜ್ಜಿಗೆ ಲೋಟ ಖಾಲಿ ಮಾಡಿ, ತೊಳೆದು, ಬೋರಲು ಹಾಕಿ ಹೊರಟೆ.

ಆವಣಿ ಮೊದಲ ವಾರ ಕಂಪ್ಯೂಟರಿಗೆ ಕಂಬಳಿ ಸುತ್ತಿ ಲಾರಿಗೆ ಏರಿಸಿದರು. ನೋಟುಪುಸ್ತಕವನ್ನೂ ಜೊತೆಗೆ ಕಳಿಸಿದೆ. ಅದು ಮಿಷನ್ನಿಗೆ ಸೇರಿದ್ದು. ನಾನು ಹಳೆಯ ಬೋರ್ಡಿಗೆ ಹೋಗಿ ಹೊಸ ರಿಜಿಸ್ಟರಿಗೆ ಗೀಟು ಹಾಕಿಕೊಂಡೆ.

ಹತ್ತು ದಿನದ ಮೇಲೆ ತಿರುಪ್ಪೂರಿನಿಂದ ಕರೆ ಬಂತು.

"ಅಕ್ಕಾ, ನಾನು. ಸರ್ವರ್ ಎದ್ದೇಳ್ತಾನೇ ಇಲ್ಲ. ಸಾರ್ ಬೈತಾ ಅವ್ರೆ. ಮೊದಲು ಏನು ನೋಡೋದು, ಒಂಚೂರು ಹೇಳಕ್ಕಾ."

ಏನು ನೋಡಬೇಕೆಂದು ನನಗೆ ಗೊತ್ತಿತ್ತು. ಎಂಟೂವರೆಗೆ ಬಾಗಿಲು ತೆಗೆದು ಏಸಿ ಹಾಕಿ ಹತ್ತು ನಿಮಿಷ ಕಾಯುವ ತಾಳ್ಮೆ ಅವಳಿಗೆ ಎಂದೂ ಇರಲಿಲ್ಲ.

"ಮಿಲ್ಲುಂಗ," ಎಂದೆ ತಮಿಳಿನಲ್ಲಿ, ಇದು ಮಿಲ್ಲು, ಯಾರು ಬೇಕು ಎಂದು ಹೊರಗಿನವರನ್ನು ಕೇಳುವ ಹಾಗೆ. "ಯಾರು ವೇಣುಂಗ?"

ಲೈನು ಚೆನ್ನಾಗಿತ್ತು, ಅವಳ ಉಸಿರು ಕೇಳಿಸುತ್ತಿತ್ತು. ಆಮೇಲೆ ಅವಳೂ ತಮಿಳಿನಲ್ಲೇ ಮ್ಯಾನೇಜರು ಬೇಕೆಂದಳು. ಸಂಪರ್ಕ ಕೊಟ್ಟು ರಿಜಿಸ್ಟರಿನಲ್ಲಿ ಸಮಯ ಬರೆದೆ. ಆಮೇಲೆ ಅವಳ ಕೂಡ ನಾನು ಕನ್ನಡ ಆಡಲಿಲ್ಲ.